ಬೆಳಗಾದ ಸೂರ್ಯಾಸ್ತ

ಗುರುವಾರ ಸಂತೆ ಮುಗಿಸಿಕೊಂಡು ಮದಾಂ ಸೊಲಾಂಜ್ ಮ್ಯೂಸಿಯಮ್ಮಿಗೆ ಬರುತ್ತಿದ್ದರು. ಚೀಲದಲ್ಲಿ ಸೊಪ್ಪು, ಬೆಣ್ಣೆ, ಕೆಲವು ಸಲ ಕಾಗದದಲ್ಲಿ ಸುತ್ತಿದ ಎರಡು ಬಂಗುಡೆ. ಮೀನನ್ನು ಮ್ಯೂಸಿಯಮ್ಮಿನೊಳಗೆ ಬಿಡಬಾರದೆಂದು ನಿಯಮವಿತ್ತು. ಆ ನಿಯಮ ನೋಡಿಕೊಳ್ಳಬೇಕಾದವನು ನಾನೇ ಆದ್ದರಿಂದ ಚೀಲವನ್ನು ನನ್ನ ಕುರ್ಚಿಯ ಕೆಳಗೆ ಇಟ್ಟುಕೊಳ್ಳುತ್ತಿದ್ದೆ.

ನನ್ನ ಹೆಸರು ಫಿರ್ಮೆನ್. ನಾರ್ಮಂಡಿಯ ಪಡುಗಡಲ ದಂಡೆಯ ಅಂಬ್ರೆವಿಲ್ ಅನ್ನುವ ಊರಿನ ಪುರಸಭೆಯ ಮ್ಯೂಸಿಯಮ್ಮಿನಲ್ಲಿ ಇಪ್ಪತ್ತಮೂರು ವರ್ಷ ಎರಡನೇ ಕೋಣೆಯ ಕಾವಲುಗಾರನಾಗಿದ್ದೆ. ಎರಡನೇ ಕೋಣೆಯಲ್ಲಿ ಏನು ಕಾಯುವುದಿತ್ತು ಎಂದು ಕೇಳಿದರೆ, ಒಂದು ಮುರಿದ ಲಂಗರು, ಹೊಟ್ಟು ತುಂಬಿದ ಎರಡು ಕಡಲಹಕ್ಕಿ, ಹಿಂದೆಂದೋ ಮೇಯರ್ ಆಗಿದ್ದ ದಪ್ಪ ಗಂಡಸರ ಆರು ತೈಲಚಿತ್ರ. ಮತ್ತೆ ಒಂದು ಎಚಿಂಗ್. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಲ್ಲಿ ಗೀಚಿ, ಆಸಿಡ್‌ನಲ್ಲಿ ಅದ್ದಿ, ಮಸಿ ತುಂಬಿ, ಹೆಚ್ಚಿನದನ್ನು ಒರೆಸಿ, ಕಾಗದಕ್ಕೆ ಒತ್ತಿ ತೆಗೆದ ಚಿತ್ರ. ಶಾಲೆಯ ಸ್ಲೇಟಿಗಿಂತ ದೊಡ್ಡದಲ್ಲ. ಕೆಳಗೆ ಹಿತ್ತಾಳೆಯ ಫಲಕ: 'ಸೂರ್ಯಾಸ್ತ, ಅಂಬ್ರೆವಿಲ್. ಇಸಿದೋರ್ ಮಾರೆ, 1867.'

ಹಕ್ಕಿಗಳನ್ನಾಗಲಿ ಮೇಯರುಗಳನ್ನಾಗಲಿ ನೋಡಲು ಯಾರೂ ಬರುತ್ತಿರಲಿಲ್ಲ. ಬಂದವರೆಲ್ಲ ಆ ಚಿತ್ರಕ್ಕೇ ಬರುತ್ತಿದ್ದರು. ಬರೀ ಕಪ್ಪು ಗೀರುಗಳಲ್ಲಿ ಆ ಪುಣ್ಯಾತ್ಮ ಕಡಲಿನ ಮೇಲೆ ಎಂಥ ಬೆಳಕು ಚೆಲ್ಲಿದ್ದನೆಂದರೆ, ನೋಡಿದವರು ಸುಮ್ಮನೆ ಕಣ್ಣು ಕಿರಿದು ಮಾಡುತ್ತಿದ್ದರು. ಊರಿನ ಬಿಸ್ಕತ್ತಿನ ಡಬ್ಬಿಯ ಮೇಲೆ ಅದೇ ಚಿತ್ರ, ಸೇಬಿನ ಮದ್ಯದ ಬಾಟಲಿಯ ಮೇಲೆ ಅದೇ, ಹೋಟೆಲಿನ ಬೋರ್ಡಿನ ಮೇಲೂ ಅದೇ.

ಚಿತ್ರದಲ್ಲಿ ಒಂದು ತಪ್ಪಿರುವುದು ಊರಿಗೆಲ್ಲ ಗೊತ್ತಿತ್ತು. ನಮ್ಮ ದಂಡೆಯಲ್ಲಿ ಕಡಲಿಗೆ ಮುಖ ಮಾಡಿ ನಿಂತರೆ ಬಲಕ್ಕೆ ಬಂಡೆ, ಅದರ ಮೇಲೊಂದು ಪುಟ್ಟ ಪ್ರಾರ್ಥನಾಮಂದಿರ. ಎಡಕ್ಕೆ ಕಲ್ಲುಕಟ್ಟೆ, ಅದರ ತುದಿಯಲ್ಲಿ ದೀಪಸ್ತಂಭ. ಚಿತ್ರದಲ್ಲಿ ಬಂಡೆ ಎಡಕ್ಕಿದೆ, ಕಟ್ಟೆ ಬಲಕ್ಕಿದೆ. ಯಾಕೆ ಎಂದು ಚಿಕ್ಕಂದಿನಲ್ಲಿ ನಾನೂ ಅಪ್ಪನನ್ನು ಕೇಳಿದ್ದೆ. "ಚಿತ್ರ ಬರೆಯೋನು ಕುಡಿದಿದ್ದ" ಅಂದಿದ್ದ ಅಪ್ಪ. ಅವರಪ್ಪನೂ ಅವನಿಗೆ ಹಾಗೇ ಹೇಳಿದ್ದನಂತೆ. ನೂರಿಪ್ಪತ್ತು ವರ್ಷ ಊರು ಆ ಉತ್ತರದಲ್ಲಿ ಸುಖವಾಗಿತ್ತು. ನಮ್ಮಲ್ಲಿ ಕುಡಿದು ಮಾಡಿದ ತಪ್ಪನ್ನು ಯಾರೂ ಕೆದಕುವುದಿಲ್ಲ.

ಕೆದಕಿದವರು ನಮ್ಮ ಕ್ಯುರೇಟರ್ ಬೆಲಾಂಜೆ. ದೊಡ್ಡ ಊರಿನಲ್ಲಿ ಓದಿದ ಮನುಷ್ಯ, ನಮ್ಮಲ್ಲಿಗೆ ಎರಡು ವರ್ಷಕ್ಕೆಂದು ಬಂದವರು. ಆರು ವರ್ಷವಾಗಿತ್ತು. ಪ್ಯಾರಿಸ್ಸಿನಿಂದ ಪತ್ರ ಬಂದ ದಿನ ಮೆಟ್ಟಿಲು ಎರಡೆರಡು ಹತ್ತುತ್ತಿದ್ದರು, ಓದಿದ ಮೇಲೆ ಒಂದೊಂದೇ ಇಳಿಯುತ್ತಿದ್ದರು. ಅವರು ಒಂದು ವಸಂತದಲ್ಲಿ ಪ್ರೊಫೆಸರ್ ಮೊಂತಾಲ್ ಎಂಬ ಪಂಡಿತರನ್ನು ಕರೆಸಿದರು. ಪಂಡಿತರು ಬಂದು ಚಿತ್ರದ ಮುಂದೆ ಎರಡು ದಿನ ನಿಂತರು. ಮೂರನೇ ದಿನ ದೋಣಿ ಮಾಡಿಕೊಂಡು ಕಡಲಿಗೆ ಹೋದರು. ಬಂದವರೇ, ಬೂಟಿನ ನೀರು ನನ್ನ ಕೋಣೆಯ ನೆಲಕ್ಕೆಲ್ಲ ಸುರಿಸುತ್ತ, ಬೆಲಾಂಜೆಯ ಭುಜ ಹಿಡಿದುಕೊಂಡರು.

"ಗೆಳೆಯ, ಇದು ಸೂರ್ಯಾಸ್ತವೇ ಅಲ್ಲ" ಅಂದರು. "ಇದು ಸೂರ್ಯೋದಯ."

ಅವರ ವಾದ ಹೀಗಿತ್ತು. ಬಂಡೆ ಎಡಕ್ಕೂ ಕಟ್ಟೆ ಬಲಕ್ಕೂ ಕಾಣಬೇಕಾದರೆ ನೋಡುವವನು ಕಡಲಿನಲ್ಲಿದ್ದು ಊರಿನ ಕಡೆ ಮುಖ ಮಾಡಿರಬೇಕು. ಊರು ಇರುವುದು ಪೂರ್ವಕ್ಕೆ. ಪೂರ್ವದಲ್ಲಿ ಸೂರ್ಯ ಮುಳುಗುವುದಿಲ್ಲ. ಅಲ್ಲಿಗೆ ಮುಗಿಯಿತು.

ನಾನು ಕುರ್ಚಿಯಿಂದಲೇ ಕೇಳಿದೆ, "ಹಾಗಿದ್ರೆ ಊರೆಲ್ಲಿ ಸ್ವಾಮಿ? ಸೂರ್ಯನ ಕೆಳಗೆ ಬರೀ ನೀರಿದೆಯಲ್ಲ."

ಪ್ರೊಫೆಸರ್ ನನ್ನ ಕಡೆ ತಿರುಗಿದರು. ಕಡಲಹಕ್ಕಿ ಮಾತಾಡಿದ ಹಾಗೆ ನೋಡಿದರು. "ಮಂಜು" ಅಂದರು. "ಊರು ಮಂಜಿನಲ್ಲಿ ಮುಚ್ಚಿಹೋಗಿದೆ. ಕಾಣದ ಊರನ್ನು ಕಾಣಿಸದೆ ಬರೆದಿರೋದೇ ಕಲಾವಿದನ ಹಿರಿಮೆ."

"ಇಗರ್ಜಿಯ ಗೋಪುರ, ಮೀನು ಮಾರ್ಕೆಟ್ಟು, ನಾಲ್ಕುನೂರು ಮನೆ, ಎಲ್ಲಾನೂ?"

"ದಟ್ಟ ಮಂಜು."

"ಮತ್ತೆ ಈ ಜನ? ಮುಂದೆ ನಿಂತಿದಾರಲ್ಲ, ಮೀನು ಸೀಳ್ತಾ ಇರೋಳು, ಹಗ್ಗ ಸುತ್ತೋನು, ಕೊಡಲಿ ಹಿಡಿದೋನು? ಕಡಲಿನ ಮೇಲೆ ನಿಂತಿದಾರಾ?"

"ಮರಳುದಿಬ್ಬ" ಅಂದರು ಪ್ರೊಫೆಸರ್. "ಇಳಿತದಲ್ಲಿ ಏಳೋ ದಿಬ್ಬ. ಆಮೇಲೆ ಕೊಚ್ಚಿಹೋಗಿದೆ."

ಬೆಲಾಂಜೆ ನನಗೆ ಕಿಟಕಿಯ ಪರದೆ ಸರಿಮಾಡಿ ಬನ್ನಿ ಅಂದರು. ಪರದೆ ಸರಿಯಾಗೇ ಇತ್ತು.

ಮರುದಿನ ಗುರುವಾರ. ಮದಾಂ ಸೊಲಾಂಜ್ ಬಂದರು, ಚೀಲ ಕೊಟ್ಟರು, ಎಂದಿನ ಹಾಗೆ ಚಿತ್ರದ ಮುಂದೆ ನಿಂತರು. ಅವರಿಗೆ ಆಗ ಎಪ್ಪತ್ತೊಂಬತ್ತು. ಪ್ಯಾರಿಸ್ಸಿನಲ್ಲಿ ತಾಮ್ರದ ತಗಡಿನಿಂದ ಚಿತ್ರ ಅಚ್ಚುಹಾಕುವ ಮನೆಯೊಂದರಲ್ಲಿ ಮೂವತ್ತೆಂಟು ವರ್ಷ ದುಡಿದು ಹುಟ್ಟೂರಿಗೆ ಮರಳಿದ್ದರು. ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಹಿತ್ತಲಿನಲ್ಲಿ ಒಂದು ಕೈಯಚ್ಚು ಇಟ್ಟುಕೊಂಡು ಮದುವೆ ಕಾಗದ ಒತ್ತಿಕೊಡುತ್ತಿದ್ದರು. ಊರಿಗೆ ಅವರು 'ಮದುವೆ ಕಾಗದದ ಮುದುಕಿ', ಅಷ್ಟೆ. ಅವರು ಆ ಚಿತ್ರದಲ್ಲಿ ಸೂರ್ಯನನ್ನು ನೋಡಿದ್ದು ನಾನು ಕಾಣೆ. ಕೆಳಗಿನ ಮೂಲೆಯ ಕತ್ತಲನ್ನೇ ನೋಡುತ್ತಿದ್ದರು. "ಈ ಮೂಲೆಯ ಮಸಿ ಒರೆಸಿದೋನು ಕೆಲಸ ಬಲ್ಲೋನು" ಎನ್ನುತ್ತಿದ್ದರು.

ನಾನು ಪಂಡಿತರ ಸಮಾಚಾರ ಹೇಳಿದೆ. ಮರಳುದಿಬ್ಬದವರೆಗೆ ತಾಳ್ಮೆಯಿಂದ ಕೇಳಿದರು. ಆಮೇಲೆ ಕೈಚೀಲದಿಂದ ಒಂದು ಪುಟ್ಟ ಕನ್ನಡಿ ತೆಗೆದು, ಚಿತ್ರಕ್ಕೆ ಬೆನ್ನು ಹಾಕಿ ನಿಂತು, ಕನ್ನಡಿಯನ್ನು ಮುಖದ ಮುಂದೆ ಹಿಡಿದರು.

"ಬಾ ಇಲ್ಲಿ. ನನ್ನ ಹೆಗಲ ಮೇಲಿಂದ ನೋಡು."

ನೋಡಿದೆ. ಕನ್ನಡಿಯಲ್ಲಿ ನಮ್ಮ ದಂಡೆ ಇತ್ತು. ಬಂಡೆ ಬಲಕ್ಕೆ, ಕಟ್ಟೆ ಎಡಕ್ಕೆ, ನಡುವೆ ಕಡಲಿಗೆ ಇಳಿಯುತ್ತಿರುವ ಸೂರ್ಯ. ನನ್ನ ಅಡುಗೆಮನೆ ಕಿಟಕಿಯಿಂದ ದಿನಾ ಕಾಣುವುದೇ ಅದು.

"ನೋಡು ಮರಿ, ತಗಡಿನ ಮೇಲೆ ಎಡಕ್ಕೆ ಗೀಚಿದ್ದು ಕಾಗದದ ಮೇಲೆ ಬಲಕ್ಕೆ ಬರುತ್ತೆ. ಅಂಚೆಕಚೇರಿ ಮೊಹರು ನೋಡಿಲ್ವಾ, ಹಾಗೆ. ಮಾರೆ ದಂಡೆಯಲ್ಲಿ ಕೂತು ಕಂಡದ್ದನ್ನ ಕಂಡ ಹಾಗೆ ತಗಡಿನ ಮೇಲೆ ಗೀಚಿದಾನೆ. ಅಚ್ಚು ಒತ್ತಿದ ಮೇಲೆ ಊರು ತಿರುಗಿಕೊಂಡಿದೆ. ಇದನ್ನ ಹೇಳೋಕೆ ದೋಣಿ ಯಾಕೆ ಬೇಕಿತ್ತು ಆ ಮನುಷ್ಯನಿಗೆ?"

"ಆದ್ರೆ ಅವನ ಹೆಸರು ಸರಿಯಾಗೇ ಇದೆಯಲ್ಲ, ಮದಾಂ. ಮೂಲೆಯಲ್ಲಿ 'ಮಾರೆ' ಅಂತ ಓದೋಕೆ ಬರುತ್ತೆ."

"ಹೆಸರನ್ನ ತಗಡಿನ ಮೇಲೆ ತಿರುಗಿಸಿ ಬರೆದಿದಾನೆ. ಪುಟ್ಟ ಹೆಸರು, ಅಭ್ಯಾಸ ಆಗಿರುತ್ತೆ. ಇಡೀ ಕಡಲನ್ನ ತಿರುಗಿಸಿ ಬರೆಯೋಕೆ ಯಾರಿಗೆ ಪುರಸೊತ್ತು? ಎದುರಿಗೆ ಸೂರ್ಯ ಮುಳುಗ್ತಾ ಇದಾನೆ, ಅವನೇನು ಕಾಯ್ತಾನಾ?" ಕನ್ನಡಿಯನ್ನು ಒಳಗಿಟ್ಟು ಹೇಳಿದರು, "ಅನುಮಾನ ಇದ್ರೆ ಆ ಜನರ ಕೈ ನೋಡು."

ನೋಡಿದೆ. ಹೆಂಗಸು ಚೂರಿ ಹಿಡಿದದ್ದು ಎಡಗೈಯಲ್ಲಿ. ಹಗ್ಗದವನದೂ ಎಡಗೈ. ಕೊಡಲಿಯವನದೂ ಅದೇ. ಇಪ್ಪತ್ತಮೂರು ವರ್ಷ ಅವರ ಎದುರು ಕೂತಿದ್ದೆ, ಒಂದು ದಿನವೂ ಕಂಡಿರಲಿಲ್ಲ.

"ನಿನ್ನ ಧಣಿಗೆ ಹೇಳಿಬಿಡು" ಅಂದರು ಅವರು, ಮೀನಿನ ಚೀಲ ಎತ್ತಿಕೊಳ್ಳುತ್ತ. "ಪಾಪ, ಊರೆಲ್ಲ ನಗೋಕೆ ಮುಂಚೆ."

ಹೇಳಿದೆ. ಬೆಲಾಂಜೆ ಮೇಜಿನ ಹಿಂದೆ ಕೂತು ಕೊನೆಯವರೆಗೂ ಕೇಳಿದರು. ಅಲ್ಲ ಎನ್ನಲಿಲ್ಲ. ಹೌದೇ ಎಂದು ಆಶ್ಚರ್ಯಪಡಲೂ ಇಲ್ಲ. ನಾನು ಮಾತು ಮುಗಿಸಿದಾಗ ಅವರು ಮಾಡಿದ ಮೊದಲ ಕೆಲಸವೆಂದರೆ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ನೋಡಿದ್ದು.

"ಫಿರ್ಮೆನ್, ಇಲ್ಲಿ ನಿಮ್ಮ ಕೆಲಸ ಏನು?"

"ಕೂರೋದು, ಮುಸ್ಯೊ."

"ಕೂರಿ."

ಪ್ರೊಫೆಸರ್ ಅರವತ್ತು ಪುಟದ ಪುಸ್ತಿಕೆ ಬರೆದರು. ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಅರ್ಧ ಕಾಲಂ ಬಂತು. ಅಲ್ಲಿಯವರೆಗೆ ನಮ್ಮ ಮೇಯರ್ ಗ್ರಿಮೊ ಉರಿಯುತ್ತಿದ್ದ. ಸೂರ್ಯಾಸ್ತದ ಹೆಸರಿನ ಹೋಟೆಲು ಅವನ ಭಾವಮೈದುನನದು. ಅರ್ಧ ಕಾಲಂ ಓದಿದ ಮೇಲೆ ಅವನ ಕಣ್ಣು ತೆರೆಯಿತು. ಪುರಸಭೆಯಲ್ಲಿ ಎದ್ದು ನಿಂತು, "ಸೂರ್ಯಾಸ್ತ ಯಾವ ಊರಲ್ಲಿಲ್ಲ ಹೇಳಿ" ಅಂದ. "ಈ ಕರಾವಳಿ ಪೂರ್ತಿ ಪಡುವಣಕ್ಕಿದೆ. ತೆಂಕಲಿಂದ ಬಡಗಲವರೆಗೆ ಎಲ್ಲಾರ ಹತ್ರಾನೂ ಸೂರ್ಯಾಸ್ತ ಇದೆ, ಪುಕ್ಕಟೆ. ಕಡಲಿಂದ ಸೂರ್ಯೋದಯ ಯಾರ ಹತ್ರ ಇದೆ? ನಮ್ಮ ಹತ್ರ."

ಪಡುಗಡಲಿನಿಂದ ಸೂರ್ಯೋದಯ ಯಾರ ಬಳಿಯೂ ಇಲ್ಲದಿರುವುದಕ್ಕೆ ಒಂದು ಕಾರಣವಿದೆ ಎಂದು ಸಭೆಯಲ್ಲಿ ಯಾರೂ ಹೇಳಲಿಲ್ಲ. ನಿರ್ಣಯ ಒಮ್ಮತದಿಂದ ಆಯಿತು. ಹಿತ್ತಾಳೆ ಫಲಕ ಬದಲಾಯಿತು. ಭಾವಮೈದುನ ಹೋಟೆಲಿನ ಹೆಸರು ಬದಲಾಯಿಸಿ, ಬೆಳಗಿನ ತಿಂಡಿಯ ದರ ಏರಿಸಿದ.

ಮೇ ತಿಂಗಳಲ್ಲಿ ಪುರಭವನದಲ್ಲಿ ಪ್ರೊಫೆಸರರ ಭಾಷಣ. ಊರಿಗೆ ಊರೇ ಸೇರಿತ್ತು, ಭಾಷಣ ಆದಮೇಲೆ ಸೇಬಿನ ಮದ್ಯ ಇದೆ ಎಂದು ಕರಪತ್ರದಲ್ಲಿ ಹಾಕಿದ್ದರು. ಮಂಜಿನ ಬಗ್ಗೆ ಇಪ್ಪತ್ತು ನಿಮಿಷ, ಮರಳುದಿಬ್ಬದ ಬಗ್ಗೆ ಅರ್ಧ ಗಂಟೆ. ಪ್ರಶ್ನೆ ಇದ್ದರೆ ಕೇಳಿ ಅಂದಾಗ ನಾಲ್ಕನೇ ಸಾಲಿನಲ್ಲಿ ಮದಾಂ ಸೊಲಾಂಜ್ ಎದ್ದರು. ಟೋಪಿ ಹಾಕಿಕೊಂಡು ಬಂದಿದ್ದರು.

"ಪ್ರೊಫೆಸರೇ, ನನ್ನದು ಸಣ್ಣ ಪ್ರಶ್ನೆ. ಆ ಚಿತ್ರದಲ್ಲಿ ಮೂರು ಜನ ಇದಾರೆ. ಮೂರೂ ಜನ ಎಡಗೈಯಲ್ಲೇ ಕೆಲಸ ಮಾಡ್ತಾರಲ್ಲ, ಯಾಕೆ?"

ಸಭೆ ತಿರುಗಿ ಪರದೆಯ ಮೇಲಿನ ಚಿತ್ರ ನೋಡಿತು. ಪ್ರೊಫೆಸರರೂ ನೋಡಿದರು. ಒಂದು ಲೋಟ ನೀರು ಕುಡಿದರು. ಬೆಲಾಂಜೆ ವೇದಿಕೆಯ ಮೇಲೆ ತಮ್ಮ ಬೂಟಿನ ತುದಿ ನೋಡುತ್ತ ಕೂತಿದ್ದರು. ಈಗ ಬಿತ್ತು ಗೋಡೆ, ಅಂದುಕೊಂಡೆ ನಾನು.

"ಮದಾಂ" ಅಂದರು ಪ್ರೊಫೆಸರ್, ಮೆಲ್ಲಗೆ, ಗುಟ್ಟು ಬಿಟ್ಟುಕೊಡುವವರ ಹಾಗೆ. "ಈ ಪ್ರಶ್ನೆಗಾಗಿ ನಾನು ಕಾಯ್ತಾ ಇದ್ದೆ. ಸಮಾಜದಿಂದ ದೂರ, ಮರಳುದಿಬ್ಬದ ಮೇಲೆ ಬದುಕ್ತಾ ಇದ್ದ ಈ ಬೆಸ್ತರು ಎಡಚರು. ಒಂದೇ ಕುಲ, ಒಳಗೊಳಗೇ ಮದುವೆ. ಅಂಬ್ರೆವಿಲ್‌ನ ಎಡಚ ಬೆಸ್ತರ ಬಗ್ಗೆ ಇದುವರೆಗೂ ಯಾರೂ ಬರೆದಿಲ್ಲ."

ಚಪ್ಪಾಳೆ ಬಿತ್ತು. ಮದಾಂ ಸೊಲಾಂಜ್ ಇನ್ನೂ ನಿಂತೇ ಇದ್ದರು. "ಅಲ್ಲ, ತಗಡು..." ಅಂದರು. ಚಪ್ಪಾಳೆಯಲ್ಲಿ ಕೇಳಿಸಲಿಲ್ಲ. ಮದ್ಯದ ಮೇಜಿನ ಕಡೆ ಕುರ್ಚಿಗಳು ಸರಿಯುವ ಸದ್ದು ಶುರುವಾಗಿತ್ತು. ಊರಿನ ಹಲ್ಲಿನ ಡಾಕ್ಟರು, ಹುಟ್ಟಾ ಎಡಚ, ಕಣ್ಣಲ್ಲಿ ನೀರು ತುಂಬಿಕೊಂಡು ಅವರ ಕೈ ಕುಲುಕಿದ. "ಚಿಕ್ಕವನಿದ್ದಾಗ ಮೇಷ್ಟ್ರು ನನ್ನ ಎಡಗೈ ಕಟ್ಟಿಹಾಕಿ ಬರೆಸ್ತಿದ್ರು ಮದಾಂ. ಇವತ್ತು ನನಗೆ ವಂಶ ಸಿಕ್ತು" ಅಂದ. ಅವನಿಗೆ ಏನು ಹೇಳುವುದು? ಎಡಚರ ಸಂಘ ಅದೇ ವಾರ ಶುರುವಾಯಿತು. ಬಲಗೈಯವರೂ ಕೆಲವರು ಸದಸ್ಯರಾದರು, ಊಟ ಚೆನ್ನಾಗಿರುತ್ತಿತ್ತು.

ಜೂನ್‌ನಲ್ಲಿ ಉದಯೋತ್ಸವ. ಮಾರೆ ನಿಂತು ನೋಡಿದ ಜಾಗದಿಂದಲೇ ಸೂರ್ಯೋದಯ ನೋಡಬೇಕೆಂದು ಮೇಯರ್ ಮೂರು ಮೀನುದೋಣಿ ಗೊತ್ತು ಮಾಡಿದ. ಬೆಳಗಿನ ಐದಕ್ಕೆ ಜಿಲ್ಲಾಧಿಕಾರಿಯ ಕಚೇರಿಯವರು, ಪತ್ರಿಕೆಯವರು, ಪ್ರೊಫೆಸರು, ಬೆಲಾಂಜೆ, ಬ್ಯಾಂಡಿನ ಆರು ಜನ ಹತ್ತಿದರು. ಬಿಸ್ಕತ್ತಿನ ಡಬ್ಬಿ ಹೊತ್ತುಕೊಂಡು ನಾನೂ ಹೋಗಬೇಕಾಯಿತು.

ಕಡಲು ಅವತ್ತು ಸುಮ್ಮನಿರಲಿಲ್ಲ. ಅರ್ಧ ಮೈಲಿ ಹೋಗುವುದರಲ್ಲಿ ತುತ್ತೂರಿಯವನು ತುತ್ತೂರಿ ಕೆಳಗಿಟ್ಟು ಅಂಚಿಗೆ ಬಾಗಿದ. ಅವನನ್ನು ನೋಡಿ ಡೋಲಿನವನು. ಜಿಲ್ಲಾಧಿಕಾರಿಯ ಸಹಾಯಕಿ, ಬಿಳಿ ಕೋಟಿನ ಹೆಂಗಸು, ಅಷ್ಟು ಹೊತ್ತು ತಡೆದುಕೊಂಡಿದ್ದವರು, ಡಬ್ಬಿಯ ಮುಚ್ಚಳ ತೆಗೆದದ್ದೇ ವಾಸನೆಗೆ ಬಗ್ಗಿಬಿಟ್ಟರು. ಮೇಯರ್ ಆ ಹೆಂಗಸಿನ ಟೋಪಿ ಹಿಡಿದುಕೊಂಡು ನಿಂತಿದ್ದ. ಆಮೇಲೆ ಅದೇ ಟೋಪಿ ಅವನಿಗೂ ಬೇಕಾಯಿತು.

ಆರು ಗಂಟೆ ಸುಮಾರಿಗೆ ದೋಣಿ ನಿಂತಿತು. ನಿಜವಾಗಿಯೂ ಮಂಜು ಬಂತು. ಬಂಡೆ ಹೋಯಿತು, ಕಟ್ಟೆ ಹೋಯಿತು, ಊರು ಹೋಯಿತು, ಪಕ್ಕದ ದೋಣಿಯೂ ಹೋಯಿತು. ಸೂರ್ಯ ಹುಟ್ಟಿದನೋ ಇಲ್ಲವೋ, ಬೂದಿಬಣ್ಣದೊಳಗೆ ಏನೂ ಕಾಣಲಿಲ್ಲ. ಪ್ರೊಫೆಸರ್ ಒಬ್ಬರೇ ಮುಂತುದಿಯಲ್ಲಿ ನೆಟ್ಟಗೆ ನಿಂತಿದ್ದರು. ಅವರ ಮುಖದಲ್ಲಿ ಅಂಥ ಸಂತೋಷ ನಾನು ಮದುಮಕ್ಕಳಲ್ಲೂ ಕಂಡಿಲ್ಲ.

"ನೋಡಿ" ಅಂದರು. "ಊರು ಕಾಣ್ತಾ ಇಲ್ಲ."

ಪತ್ರಿಕೆಯವನು ಅದನ್ನು ಬರೆದುಕೊಂಡ. ಮರುದಿನ ಶೀರ್ಷಿಕೆಯೇ ಅದಾಯಿತು: 'ಮಂಜು ಸಾಕ್ಷಿ ನುಡಿಯಿತು.'

ನಾವು ದಂಡೆಗೆ ಬಂದು ಬೀಳುವಾಗ ಎಂಟೂವರೆ. ಬೇಕರಿಯ ಮುಂದಿನ ಬೆಂಚಿನಲ್ಲಿ ಮದಾಂ ಸೊಲಾಂಜ್ ಬ್ರೆಡ್ಡಿಗೆ ಬೆಣ್ಣೆ ಸವರಿಕೊಳ್ಳುತ್ತ ಕೂತಿದ್ದರು. ಹಸಿರು ಮುಖ ಹೊತ್ತು ಸಾಲಾಗಿ ಹೋದ ಗಣ್ಯರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನನ್ನನ್ನು ಕಂಡು, "ಬೆಳಗಾಯ್ತಾ?" ಅಂದರು.

ಅಲ್ಲಿಂದ ಅವರು ಸುಮ್ಮನಿರಲಿಲ್ಲ. ಪ್ರತಿ ಗುರುವಾರ ಬಂದು ಚಿತ್ರದ ಮುಂದೆ ಕನ್ನಡಿ ಹಿಡಿದು ನಿಲ್ಲತೊಡಗಿದರು. ಯಾರು ಬಂದರೂ, "ನೀವೂ ನೋಡಿ, ಕಾಸೇನಿಲ್ಲ" ಎನ್ನುತ್ತಿದ್ದರು. ಪ್ರವಾಸಿಗರು ನೋಡಿ ನಗುತ್ತಿದ್ದರು. ಒಬ್ಬ ಬೆಲ್ಜಿಯಂನವನು ಹೊರಗೆ ಹೋಗುವಾಗ ಟಿಕೆಟ್ ಕೊಡುವವಳ ಹತ್ತಿರ, "ನಿಮ್ಮ ಫಲಕದಲ್ಲಿ ತಪ್ಪಿದೆ" ಎಂದು ಸೌಜನ್ಯದಿಂದ ತಿಳಿಸಿಹೋದ. ಆಗಸ್ಟಿನ ಮೊದಲ ವಾರ ಬೆಲಾಂಜೆ ಆಜ್ಞೆ ಹೊರಡಿಸಿದರು. ಚಿತ್ರಗಳ ಮೇಲೆ ಬೆಳಕು ಪ್ರತಿಫಲಿಸಿ ಹಾನಿಯಾಗುವ ಕಾರಣ ಮ್ಯೂಸಿಯಮ್ಮಿನೊಳಗೆ ಕನ್ನಡಿ ನಿಷೇಧ. ಬಾಗಿಲಲ್ಲಿ ಹೆಂಗಸರ ಕೈಚೀಲ ತಪಾಸಣೆ.

ತಪಾಸಣೆಗೆ ನಿಂತವನು ನಾನು. ಪೌಡರ್ ಡಬ್ಬಿಯ ಕನ್ನಡಿ, ತುಟಿರಂಗಿನ ಮುಚ್ಚಳದ ಕನ್ನಡಿ, ಎಲ್ಲ ಒಂದು ಬುಟ್ಟಿಗೆ ಹಾಕಿ ಚೀಟಿ ಕೊಡುತ್ತಿದ್ದೆ. ಕಳ್ಳನಂತೆ ಅನಿಸುತ್ತಿತ್ತು. ಆ ಗುರುವಾರ ಮದಾಂ ಸೊಲಾಂಜ್ ಬಂದರು. ಮೀನಿನ ಚೀಲ ಮುಂದೆ ಚಾಚಿದರು.

ಬೆಲಾಂಜೆ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

"ಕೈಚೀಲ ತೆರೀಬೇಕು, ಮದಾಂ" ಅಂದೆ.

ಅವರು ನನ್ನನ್ನು ನೋಡಿದರು. ಬೆಲಾಂಜೆಯನ್ನು ನೋಡಿದರು. ಕೈಚೀಲ ತೆರೆದು, ಕನ್ನಡಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಒಂದು ಅಂಚು ಒಡೆದಿದ್ದ, ಹಿಂದೆ ತವರ ಬಡಿದಿದ್ದ ಹಳೆಯ ಕನ್ನಡಿ. ಮಸಿಯ ವಾಸನೆ ಇತ್ತು. ನಾನು ಚೀಟಿ ಬರೆದುಕೊಡುವಷ್ಟರಲ್ಲಿ ತಿರುಗಿ ಹೊರಟುಹೋಗಿದ್ದರು. ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಮೂರನೇ ವಾರ ಕನ್ನಡಿ ಜೇಬಿನಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಹಿತ್ತಲಲ್ಲಿ ಅಚ್ಚಿನ ಮುಂದೆ ಇದ್ದರು, ಯಾರದೋ ಮದುವೆ ಕಾಗದ. ಕೂರು ಅನ್ನಲಿಲ್ಲ.

"ಮನಸಿಗೆ ತಗೋಬೇಡಿ ಮದಾಂ. ನೌಕರಿ. ಇನ್ನು ಒಂದೂವರೆ ವರ್ಷ ಇದೆ ನನಗೆ."

"ನಾನು ಏನೂ ತಗೊಂಡಿಲ್ಲ. ತಗೊಂಡೋನು ನೀನು." ತಗಡನ್ನು ತೆಳುಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು. "ಆ ಪ್ರೊಫೆಸರ್ ಪೆದ್ದ. ಪೆದ್ದನ ಮೇಲೆ ಸಿಟ್ಟು ಬರಲ್ಲ. ಬೆಲಾಂಜೆಗೆ ಊರು ಬಿಡಬೇಕು, ಬಿಡೋಕೆ ಒಂದು ಏಣಿ ಬೇಕು. ಅದೂ ಅರ್ಥ ಆಗುತ್ತೆ. ನಿನಗೆ ಏನು ಬೇಕಿತ್ತು ಫಿರ್ಮೆನ್? ನೀನು ನನ್ನ ಹೆಗಲ ಮೇಲಿಂದ ನೋಡಿದ್ದೀಯ. ಕಣ್ಣಾರೆ ಕಂಡೋನು ನೀನೊಬ್ಬ ಇದ್ದೆ."

ಕನ್ನಡಿಯನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ನನ್ನ ಕಡೆಗೇ ತಳ್ಳಿದರು.

"ನನಗೆ ಇನ್ನೊಂದಿದೆ. ಇದು ನಿನ್ನ ಹತ್ರ ಇರಲಿ. ಗಡ್ಡ ಕೆರೆಯೋವಾಗ ನೋಡ್ಕೋ."

ಬೈಗುಳ ಅಷ್ಟೇ. ಆದರೆ ಮನೆಗೆ ಬರುವ ದಾರಿಯಲ್ಲಿ ನನಗೆ ಎರಡು ಕಡೆ ನಿಲ್ಲಬೇಕಾಯಿತು.

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾದ ಮೇಲೆ ಮಕ್ಕಳ ಮೊದಲ ತಂಡ ಬಂತು, ಹತ್ತು ವರ್ಷದ ಇಪ್ಪತ್ತೆಂಟು ಮಕ್ಕಳು. ಟೀಚರಮ್ಮ ಪುಸ್ತಿಕೆ ಹಿಡಿದು ಮಂಜಿನ ವಿಚಾರ ಓದುತ್ತಿದ್ದರು. ಒಬ್ಬ ಹುಡುಗಿ, "ನಮ್ಮ ಮನೆ ಬಂಡೆ ಕೆಳಗೇ ಇದೆ, ಟೀಚರ್. ಇದು ಉಲ್ಟಾ ಇದೆ" ಅಂದಳು. "ಪ್ರೊಫೆಸರಿಗಿಂತ ನಿನಗೆ ಹೆಚ್ಚು ಗೊತ್ತಾ?" ಅಂದರು ಟೀಚರಮ್ಮ. ಹುಡುಗಿ ತಲೆ ತಗ್ಗಿಸಿದಳು.

ಆ ತಗ್ಗಿದ ತಲೆ ನೋಡಿ ನಾನು ಕುರ್ಚಿಯಿಂದ ಎದ್ದೆ. ಇಪ್ಪತ್ತಮೂರು ವರ್ಷದಲ್ಲಿ ಮಾತಾಡಲಿಕ್ಕೆಂದು ಎದ್ದದ್ದು ಅದೇ ಮೊದಲು. ಮೊಣಕಾಲು ಲಟಕ್ಕೆಂದಿತು.

"ಗೊತ್ತು ಮದಾಂ, ಅವಳಿಗೆ ಹೆಚ್ಚು ಗೊತ್ತು" ಅಂದೆ. ಜೇಬಿನಿಂದ ಕನ್ನಡಿ ತೆಗೆದೆ. ಮಕ್ಕಳನ್ನು ಸಾಲು ಮಾಡಿ ಒಬ್ಬೊಬ್ಬರಿಗೂ ತೋರಿಸಿದೆ. ತಗಡು ಹೇಗೆ, ಕಾಗದ ಹೇಗೆ, ಎಡ ಹೇಗೆ ಬಲವಾಗುತ್ತದೆ, ಮದಾಂ ಸೊಲಾಂಜ್ ಹೇಳಿದ್ದೆಲ್ಲ ಹೇಳಿದೆ. ಯಾರು ಹೇಳಿದ್ದು ಎಂದು ಅವರ ಹೆಸರನ್ನೂ ಹೇಳಿದೆ. ಇಪ್ಪತ್ತೆಂಟು ಮಕ್ಕಳು ಮನೆಗೆ ಹೋಗಿ ಇಪ್ಪತ್ತೆಂಟು ಕನ್ನಡಿ ಹುಡುಕಿ ಬಿಸ್ಕತ್ತಿನ ಡಬ್ಬಿಯ ಮುಂದೆ ಹಿಡಿದರು. ಎರಡು ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು.

ಗೊತ್ತಾಗಿ ಏನಾಯಿತು ಎಂದರೆ, ಏನೂ ಆಗಲಿಲ್ಲ. ಬೇಕರಿಯಲ್ಲಿ ಒಂದು ವಾರ ನಕ್ಕರು. ಹಲ್ಲಿನ ಡಾಕ್ಟರು ಎರಡು ದಿನ ದವಾಖಾನೆ ಮುಚ್ಚಿದ, ಆಮೇಲೆ ಸಂಘದ ವಾರ್ಷಿಕ ಊಟದ ದಿನ ಹತ್ತಿರ ಬಂತೆಂದು ತೆರೆದ. ಮೇಯರ್, "ಮುಂದಿನ ವರ್ಷಕ್ಕೆ ನಾಲ್ಕು ದೋಣಿ ಬುಕ್ ಆಗಿದೆ" ಅಂದ. ಟೀಚರಮ್ಮನ ದೂರಿನ ಮೇಲೆ ಬೆಲಾಂಜೆ ನನ್ನನ್ನು ಎರಡನೇ ಕೋಣೆಯಿಂದ ತೆಗೆದು ಕೆಳಗೆ ಕೋಟು-ಛತ್ರಿ ಇಟ್ಟುಕೊಳ್ಳುವ ಜಾಗಕ್ಕೆ ಹಾಕಿದರು. ಆ ಆಜ್ಞೆಗೆ ಸಹಿ ಹಾಕುವಾಗ ಮಾತ್ರ ಅವರು ನನ್ನ ಮುಖ ನೋಡಲಿಲ್ಲ. ಬಾಗಿಲು ಮುಚ್ಚಿತ್ತು.

"ನಿಮಗೆ ಗೊತ್ತಿತ್ತು ಅಲ್ವಾ ಮುಸ್ಯೊ, ಮೊದಲಿಂದಲೂ?" ಅಂದೆ.

"ಆರು ವರ್ಷ, ಫಿರ್ಮೆನ್" ಅಂದರು ಅವರು. "ಆರು ವರ್ಷ ನಾನು ಇಲ್ಲಿ ನಿಜ ಹೇಳ್ತಾ ಇದ್ದೆ. ಯಾರಾದರೂ ಬಂದ್ರಾ?"

ಕ್ರಿಸ್‌ಮಸ್ಸಿಗೆ ಮುಂಚೆ ಅವರಿಗೆ ಪ್ಯಾರಿಸ್ಸಿನಿಂದ ಪತ್ರ ಬಂತು. ಬೀಳ್ಕೊಡುಗೆಗೆ ಊರು ಒಂದು ಬೆಳ್ಳಿ ತಟ್ಟೆ ಕೊಟ್ಟಿತು, ಅದರ ಮೇಲೆ ಸೂರ್ಯೋದಯ. ಪ್ರೊಫೆಸರ್ ಮೊಂತಾಲ್‌ಗೆ ಯಾವುದೋ ಪದಕ ಸಿಕ್ಕಿತು. ಎಡಚ ಬೆಸ್ತರ ಮೇಲೆ ಅವರು ಇನ್ನೂರು ಪುಟ ಬರೆಯುತ್ತಿದ್ದಾರೆಂದು ಸುದ್ದಿ.

ಬೆಲಾಂಜೆಯ ಜಾಗಕ್ಕೆ ಕ್ಲೆಲಿಯ ಎಂಬ ಹುಡುಗಿ ಬಂದಳು. ಮೂವತ್ತೂ ಆಗಿರಲಿಕ್ಕಿಲ್ಲ. ಮೊದಲ ದಿನವೇ ಕೋಟು ಕೊಡಲು ಬಂದು ನನ್ನ ಕೌಂಟರಿಗೆ ಒರಗಿ ನಿಂತಳು.

"ಆ ಎಚಿಂಗ್ ಎಡಬಲ ತಿರುಗಿ ಬಂದಿದೆ ಅಂತ ಮಕ್ಕಳಿಗೆ ಹೇಳಿದ್ದು ನೀವೇನಾ?"

ಹೌದು ಅಂದೆ. ಇನ್ನು ಛತ್ರಿಯ ಜಾಗವೂ ಹೋಯಿತು ಅಂದುಕೊಂಡೆ.

"ತಿರುಗಿ ಬಂದೇ ಇದೆ" ಅಂದಳು. "ಮೊದಲ ವರ್ಷ ಓದೋ ಹುಡುಗರಿಗೂ ಗೊತ್ತಿರೋ ವಿಷಯ ಅದು."

ನನಗೆ ಎದೆ ತುಂಬಿತು. ಕೈ ಹಿಡಿದುಬಿಡುತ್ತಿದ್ದೆನೇನೋ. "ಹಾಗಾದ್ರೆ ಫಲಕ ಯಾವಾಗ ಬದಲಾಯಿಸ್ತೀರಿ, ಅಮ್ಮಾ?"

ಅವಳು ಗುಂಡಿ ಬಿಚ್ಚಿ ಕೋಟನ್ನು ನನ್ನ ಮುಂದಿಟ್ಟಳು. ಸುಳ್ಳು ಹೇಳಲಿಲ್ಲ, ಅದೊಂದು ಮಾತ್ರ ಒಪ್ಪಬೇಕು.

"ಹೋದ ವರ್ಷ ಹನ್ನೊಂದು ಸಾವಿರ ಜನ ಬಂದಿದಾರೆ. ಅದರ ಹಿಂದಿನ ವರ್ಷ ಒಂಬೈನೂರು. ನನ್ನದು ಮೂರು ವರ್ಷದ ಕರಾರು" ಅಂದಳು. "ಚೀಟಿ ಕೊಡಿ."

ಕೊಟ್ಟೆ. ನಲವತ್ತೊಂದನೇ ನಂಬರು.

ಆ ಸಂಜೆ ಮದಾಂ ಸೊಲಾಂಜ್ ಮನೆಗೆ ಹೋಗಿ ನಡೆದದ್ದು ಹೇಳಿದೆ. ಮಕ್ಕಳ ಸಂಗತಿ ಆದಮೇಲೆ ಅವರು ನನಗೆ ಕೂರು ಎನ್ನತೊಡಗಿದ್ದರು. ಕೇಳಿ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಹಿಂದಿನೋನು ಕಳ್ಳ. ಕಳ್ಳನಿಗೆ ಒಂದು ದಿನ ನಾಚಿಕೆ ಆದರೂ ಆಗಬಹುದಿತ್ತು" ಅಂದರು. "ಈ ಹುಡುಗಿ ಜಾಣೆ. ಇವಳನ್ನ ಏನೂ ಮಾಡೋಕಾಗಲ್ಲ."

ಸೂಪು ಬಡಿಸಿದರು. ಕುಡಿಯುತ್ತ ಬೇರೆ ಮಾತಾಡಿದೆವು, ಬಂಗುಡೆಯ ಬೆಲೆ, ಅವರ ಸೊಂಟದ ನೋವು. ಏಳುವಾಗ ಅವರು ತಗಡು ಇಟ್ಟಿದ್ದ ಕಪಾಟು ತೆರೆದು ಒಂದು ಬಟ್ಟೆಯ ಉಂಡೆ ನನ್ನ ಕಡೆಗೆ ಎಸೆದರು.

"ಸೋಮವಾರ ಬಾ. ನಿಂಗೆ ರಜೆ ತಾನೇ? ನನ್ನ ಮಣಿಕಟ್ಟು ಸೋತಿದೆ, ಒರೆಸೋಕೆ ಒಬ್ಬರು ಬೇಕು."

ಅದರ ಮುಂದಿನ ವರ್ಷ ಮಾರ್ಚಿನಲ್ಲಿ ನಾನು ನಿವೃತ್ತನಾದೆ. ಈಗ ಸೋಮವಾರದ ಜೊತೆ ಗುರುವಾರವೂ ಹೋಗುತ್ತೇನೆ. ತಗಡಿನ ಮೇಲೆಲ್ಲ ಮಸಿ ಮೆತ್ತಿ, ಗೀರಿನೊಳಗೆ ಮಾತ್ರ ಉಳಿಯುವಂತೆ ಮೇಲಿನದನ್ನು ಒರೆಸಿ ತೆಗೆಯಬೇಕು. ಹೆಚ್ಚು ಒರೆಸಿದರೆ ಗೀರೂ ಬರಿದಾಗುತ್ತದೆ, ಕಡಿಮೆ ಒರೆಸಿದರೆ ಕಾಗದವೆಲ್ಲ ಕೊಳೆ. ಹೋದ ವಾರ ಒಂದು ಮದುವೆ ಕಾಗದದಲ್ಲಿ ಮದುಮಗನ ಹೆಸರನ್ನೇ ಅಳಿಸಿಬಿಟ್ಟೆ. ಮದಾಂ ಸೊಲಾಂಜ್ ಅದನ್ನು ಬೆಳಕಿಗೆ ಹಿಡಿದು ನೋಡಿ, "ಹುಡುಗಿಯ ಪುಣ್ಯ" ಅಂದು ಬೆಂಕಿಗೆ ಹಾಕಿದರು, ಇನ್ನೊಂದು ಬಟ್ಟೆ ಕೊಟ್ಟರು.